ಸರ್ಕಾರಕ್ಕೆ ನಮ್ಮ ಮನಸ್ಸು ಬೇಕಂತೆ

ಬೇರೆಯವರ ಕೆಲಸದಲ್ಲಿ ಯಾವಾಗಲೋ ಒಂದು ಸಲ ಎಡವಟ್ಟಾಗುತ್ತದೆ. ನನ್ನ ಕೆಲಸದಲ್ಲಿ ಯಾವಾಗಲೋ ಒಂದು ಸಲ ಸರಿಯಾಗುತ್ತದೆ. ಸರಿಯಾದ ದಿನ ನನಗೇ ಗಾಬರಿ, ಏನೋ ತಪ್ಪು ಮಾಡಿದ್ದೀನಿ ಅಂತ.

ನಾನು ಬಂಗಾರಪೇಟೆಯವಳು. ಓದಿದ್ದು ಮನಃಶಾಸ್ತ್ರ. ಇದನ್ನು ಊರಿನಲ್ಲಿ ಹೇಳಿದರೆ ಕೆಲವರು ಅಂಗೈ ಚಾಚಿ, "ಮಗಳ ಮದ್ವೆ ಯಾವಾಗ ಆಯ್ತದೆ ನೋಡಮ್ಮ" ಅನ್ನುತ್ತಾರೆ. ಇನ್ನು ಕೆಲವರು ಮಕ್ಕಳನ್ನು ತಮ್ಮ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಈಗ ಸರ್ಕಾರದ ಹಣದಲ್ಲಿ ನಡೆಯುವ ಒಂದು ಸಂಶೋಧನಾ ಯೋಜನೆಯಲ್ಲಿ ನನಗೆ ಕೆಲಸ. ಗಣಿ ಮುಚ್ಚಿದ ಕೆಜಿಎಫ್‌ನಲ್ಲೂ ಸುತ್ತಮುತ್ತಲ ಹಳ್ಳಿಗಳಲ್ಲೂ ಜನರ ಮನಸ್ಸು ಹೇಗಿದೆ ಅಂತ ಮನೆಮನೆಗೆ ಹೋಗಿ ಕೇಳಬೇಕು. ಜೊತೆಗೆ ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಪಾತ್ರೆ ಅಂಗಡಿಯ ಮೇಲಿನ ರೂಮಿನಲ್ಲಿ ಕೂತು, ಬಂದವರ ಕಷ್ಟ ಕೇಳಿ ನಾಲ್ಕು ಮಾತು ಹೇಳಬೇಕು. ಇದಕ್ಕೆ ಆಪ್ತಸಮಾಲೋಚನೆ ಅಂತ ಹೆಸರು. ಯೋಜನೆಯ ಮುಖ್ಯಸ್ಥರು ಬೆಂಗಳೂರಿನ ಒಬ್ಬ ಪ್ರೊಫೆಸರು. ಅವರು ಬರುವುದು ಕಡಿಮೆ, ಫೋನು ಮಾಡುವುದು ಜಾಸ್ತಿ.

ಕೆಲಸಕ್ಕೆ ಸೇರಿದ ಹೊಸದರಲ್ಲೇ ಅವರು ಫೋನಿನಲ್ಲಿ ಹೇಳಿದರು, "ನೋಡಮ್ಮ, ವರ್ಷದ ಕೊನೆಗೆ ಪರಿಶೀಲನಾ ಸಮಿತಿ ಬರುತ್ತೆ. ಅವರು ಮುಂದುವರಿಸಿ ಅಂದ್ರೆ ರೂಮು ಇರುತ್ತೆ. ಬೇಡ ಅಂದ್ರೆ ಬೀಗ."

"ಜನರ ದುಃಖ ಕಡಿಮೆಯಾದ್ರೆ ಮುಂದುವರಿಸ್ತಾರಾ ಸಾರ್?"

"ಕಡಿಮೆಯಾದ್ರೆ ಉದ್ದೇಶ ಈಡೇರಿತು ಅಂತ ನಿಲ್ಲಿಸ್ತಾರೆ."

"ಹಾಗಾದ್ರೆ ಜಾಸ್ತಿಯಾಗ್ಬೇಕಾ?"

"ಜಾಸ್ತಿಯಾದ್ರೆ ಯೋಜನೆಯಿಂದ ಪ್ರಯೋಜನ ಇಲ್ಲ ಅಂತ ನಿಲ್ಲಿಸ್ತಾರೆ."

"ಮತ್ತೆ ಏನಾಗ್ಬೇಕು ಸಾರ್?"

"ಇಲ್ಲಿ ಬರೀ ಟ್ರಾಫಿಕ್ಕಮ್ಮ, ಏನೂ ಕೇಳಿಸ್ತಾ ಇಲ್ಲ" ಅಂದರು. ಆಮೇಲೆ, "ನೀವು ಕೆಲಸ ಶುರು ಮಾಡಿ" ಅಂದರು.

ಶುರು ಮಾಡಿದೆ. ಮಾಡಿದ ಮೇಲೆ ತಲೆನೋವು ಇನ್ನೂ ಜಾಸ್ತಿಯಾಯಿತು, ಯಾಕೆಂದರೆ ಆ ರೂಮಿನ ಮೇಲೆ ನನಗೆ ಆಸೆ ಹುಟ್ಟಿಬಿಟ್ಟಿತು. ಮನೆಯಲ್ಲಿ ಕೂತು ಅಳುವುದಕ್ಕೂ ಜಾಗವಿಲ್ಲದ ಹೆಂಗಸರು ಅಡಿಗೆ ಕೆಲಸ ಮುಗಿಸಿ, ಸೆರಗು ಹೊದ್ದುಕೊಂಡು, ಆ ಕಡಿದಾದ ಮೆಟ್ಟಿಲು ಹತ್ತಿ ಬರುತ್ತಿದ್ದರು. ಸಂಬಳ ಒಂದು ಕಡೆ ಇರಲಿ, ಆ ಬಾಗಿಲಿಗೆ ಬೀಗ ಬಿದ್ದರೆ ಅವರು ಎಲ್ಲಿ ಹೋಗುತ್ತಾರೆ?

ನಗಬ್ಯಾಡ, ಕಾರ್ಡು ಓಯ್ತದೆ

ಬಂಗಾರಪೇಟೆಯ ಹತ್ತಿರದ ಒಂದು ಹಳ್ಳಿ. ಒಂದು ಮನೆಯ ಜಗಲಿಯ ಮೇಲೆ ಇಡೀ ಸಂಸಾರ ಕೂತು ಕಡಲೆಕಾಯಿ ಬಿಡಿಸುತ್ತಿತ್ತು. ಯಾವುದೋ ಮದುವೆಯಲ್ಲಿ ಗಂಡು ತನ್ನ ಪಂಚೆ ತಾನೇ ತುಳಿದುಕೊಂಡು ಪುರೋಹಿತರ ಮೇಲೆ ಬಿದ್ದ ಕಥೆ. ಹೇಳುವವರೂ ನಗುತ್ತಿದ್ದರು, ಕೇಳುವವರೂ ನಗುತ್ತಿದ್ದರು. ನೋಡಿ ನನಗೂ ಖುಷಿಯಾಯಿತು. ಹತ್ತಿರ ಹೋಗಿ, "ಸರ್ಕಾರದ ಕಡೆಯಿಂದ ಬಂದಿದ್ದೀನಿ" ಅಂದೆ.

ನಗು ಕರೆಂಟು ಹೋದ ಹಾಗೆ ಹೋಯಿತು. ಯಜಮಾನ ಹೆಗಲ ಮೇಲಿನ ಟವೆಲ್ಲು ತೆಗೆದು ಒಣಗಿದ ಕಣ್ಣಿಗೆ ಒತ್ತಿಕೊಂಡ.

"ಯಜಮಾನ್ರೇ, ಇತ್ತೀಚೆಗೆ ನಿಮಗೆ ಸಂತೋಷ ಅನ್ನಿಸಿದ್ದು ಯಾವಾಗ?"

"ಸಂತೋಸನಾ? ಅದೆಂಗಿರ್ತದೆ ತಾಯಿ?"

"ಈಗ ತಾನೇ ಎಲ್ಲಾರೂ ನಗ್ತಾ ಇದ್ರಲ್ಲ!"

"ಅದು ನಗು ಅಲ್ಲ ಕಣಮ್ಮ. ಕಷ್ಟ ತಡೀನಾರ್ದೆ ಒಂದೊಂದ್ಸಲ ಅಂಗಾಯ್ತದೆ."

ಬಾಗಿಲ ಹಿಂದೆ ನಿಂತಿದ್ದ ಮಗಳು ಕಿಸಕ್ಕನೆ ನಕ್ಕಳು. ಯಜಮಾನ ಕಣ್ಣು ಕೆಂಪಗೆ ಮಾಡಿ, "ಲೇ, ನಗಬ್ಯಾಡ್ವೇ, ಕಾರ್ಡು ಓಯ್ತದೆ!" ಅಂದ.

ಇದು ರೇಷನ್ ಕಾರ್ಡಿನ ವಿಷಯ ಅಲ್ಲವೇ ಅಲ್ಲ, ಬರೀ ಮನಸ್ಸಿನ ವಿಷಯ ಅಂತ ನಾನು ಗಂಟಲು ಒಣಗುವ ತನಕ ಹೇಳಿದೆ. ಆತ ತಾಳ್ಮೆಯಿಂದ ಕೇಳಿಸಿಕೊಂಡು ಹೇಳಿದ, "ಇಂದೆ ನಿಮ್ಮಂಗೇ ಒಬ್ರು ಬಂದಿದ್ರು. ಮನೇಲಿ ಗಾಡಿ ಐತಾ, ಸುಮ್ನೆ ಕೇಳ್ತಾ ಇವ್ನಿ ಅಂದ್ರು. ಐತೆ ಅಂದ್ವಿ. ಅಕ್ಕಿ ನಿಂತೋಯ್ತು. ಈಗ ನೀವು ಸಂತೋಸ ಐತಾ, ಸುಮ್ನೆ ಕೇಳ್ತಾ ಇವ್ನಿ ಅಂತೀರ. ಇಡೀ ಮನೆಗೆ ದುಕ್ಕ ಅಂತ ಬರ್ಕೊಂಡು ಓಗವ್ವ." ದುಃಖ ಅಂತ ಬರೆದುಕೊಂಡೆ. ಪೆನ್ನಿಗೆ ಮುಚ್ಚಳ ಹಾಕಿದ ತಕ್ಷಣ ಎಲ್ಲರೂ ಮತ್ತೆ ನಗುತ್ತಾ ನನ್ನ ಮಡಿಲಿಗೆ ಕಡಲೆಕಾಯಿ ಸುರಿದರು.

ಮುಂದಿನ ಮನೆಗೆ ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಹೋಗಿತ್ತು. ಹೊಸಿಲ ಮುಂದೆ ಚಾಪೆ ಹಾಕಿ ಒಬ್ಬ ಮುದುಕಿಯನ್ನು ಕೂರಿಸಿದ್ದರು. "ನಮ್ಮತ್ತೇನ ಕೇಳಿ ಮೇಡಂ" ಅಂದಳು ಸೊಸೆ. "ನಮ್ಮನೇಲಿ ಚೆನ್ನಾಗಿ ಅಳೋರು ಇವ್ರೇ."

ನಾನು ಎದುರಿಗೆ ಕೂತೆ. ಮುದುಕಿ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದಳು, "ಯಾವ ಪ್ರಶ್ನೆಗೆ ಅಳ್ಬೇಕು ಅಂತ ಮೊದ್ಲೇ ಏಳ್ಬುಡವ್ವ."

ಗೋಡೆಯಾಚೆಯವರು

ಗಣಿ ನಡೆಯುತ್ತಿದ್ದಾಗ ಕೂಲಿಯವರಿಗೆ ಕಟ್ಟಿಕೊಟ್ಟ ಸಾಲುಮನೆಗಳಿಗೆ ಇಲ್ಲಿ ಲೈನು ಅನ್ನುತ್ತಾರೆ. ಕೆಜಿಎಫ್‌ನ ನಂದಿದುರ್ಗ ಗಣಿಯ ಕಡೆ ಅಂಥ ಲೈನುಗಳಿವೆ. ಇಡೀ ಸಾಲಿಗೆ ಒಂದೇ ಸೂರು. ನಡುವಿನ ಗೋಡೆಗಳು ಸೂರಿನ ತನಕ ಹೋಗುವುದಿಲ್ಲ, ಮೇಲೆ ಗಾಳಿ ಆಡಲು ಜಾಗ ಬಿಟ್ಟಿದ್ದಾರೆ. ಗಾಳಿಯ ಜೊತೆ ಇನ್ನೂ ಏನೇನೋ ಆಡುತ್ತದೆ.

ತರಬೇತಿಯಲ್ಲಿ ನಮಗೆ ಒತ್ತಿ ಒತ್ತಿ ಹೇಳಿದ್ದರು, ಪ್ರತಿಯೊಬ್ಬರನ್ನೂ ಏಕಾಂತದಲ್ಲೇ ಕೇಳಬೇಕು, ಉತ್ತರ ಗುಟ್ಟಾಗಿರಬೇಕು ಅಂತ. ನಾನು ಒಂದು ಮನೆಯೊಳಗೆ ಹೋಗಿ, ಬಾಗಿಲು ಹಾಕಿ, ಚಿಲಕ ಸರಿಸಿ, ದನಿ ತಗ್ಗಿಸಿ ಆ ಮನೆಯಾಕೆಯನ್ನು ಕೇಳಿದೆ, "ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಾ ಅಕ್ಕ?"

"ಬರುತ್ತೆ ಮೇಡಂ."

"ಪೊಯ್!" ಅಂತ ಗೋಡೆಯ ಮೇಲಿಂದ ತಮಿಳಿನಲ್ಲಿ ಒಂದು ಹೆಣ್ಣು ದನಿ ಬಂತು. "ಸುಳ್ಳು ಮೇಡಂ! ರಾತ್ರಿಯೆಲ್ಲಾ ಟ್ರಂಕು ತೆಗೆಯೋದು, ಹಾಕೋದು. ಅವಳಿಗೂ ನಿದ್ದೆ ಇಲ್ಲ, ನಮಗೂ ಇಲ್ಲ."

ನಾನು ಬೆಚ್ಚಿಬಿದ್ದೆ. ಮನೆಯಾಕೆಗೆ ಒಂದಿಷ್ಟೂ ಬೇಜಾರಿಲ್ಲ. "ಆಮಾ, ಅದೂ ನಿಜಾನೇ. ಬರಲ್ಲ ಅಂತ ಬರ್ಕೊಳ್ಳಿ" ಅಂದಳು.

ನಾನು ಇನ್ನಷ್ಟು ಹತ್ತಿರ ಸರಿದು, ತುಟಿ ಮಾತ್ರ ಅಲ್ಲಾಡಿಸಿ ಕೇಳಿದೆ, "ಯಜಮಾನ್ರ ಜೊತೆ ಜಗಳ?"

"ಯಾವಾಗಲೋ ಒಂದ್ಸಲ."

ಆಚೆಯಿಂದ ಸದ್ದಿಲ್ಲ. ನೆಮ್ಮದಿಯಿಂದ ಬರೆದುಕೊಳ್ಳಲು ಹೊರಟೆ. ಅಷ್ಟರಲ್ಲಿ ಎರಡು ಮನೆ ಆಚೆಯಿಂದ ಒಂದು ಗಂಡು ದನಿ, "ಒಂದ್ಸಲ ಅಂತೆ! ನಿನ್ನೆ ತಟ್ಟೆ ಎಸೆದಿದ್ದು ಯಾವ ಲೆಕ್ಕಕ್ಕೆ?" ಅಂತು.

ನಾನು ಎದ್ದು ನಿಂತು ಗೋಡೆಗೆ ಹೇಳಿದೆ, "ದಯವಿಟ್ಟು! ಇದು ಗುಟ್ಟಿನ ವಿಷಯ. ಯಾರೂ ಕೇಳಿಸ್ಕೋಬಾರದು!"

"ನಾವು ಯಾರೂ ಕೇಳಿಸ್ಕೊಳ್ತಾ ಇಲ್ಲ ಮೇಡಂ" ಅಂತು ಗೋಡೆ. "ನೀವು ಮುಂದಿನದು ಕೇಳಿ."

ಹೇಗೋ ಮುಗಿಸಿ ಪಕ್ಕದ ಮನೆಗೆ ಹೋದೆ. ಅಲ್ಲಿ 'ಪೊಯ್' ಅಂದ ಹೆಂಗಸು ಅಕ್ಕಿ ಆರಿಸುತ್ತಾ ಕೂತಿದ್ದಳು. "ನನ್ನನ್ನ ಯಾಕೆ ಕೇಳ್ತೀರ ಮೇಡಂ, ನನಗೆ ಮರೆವು. ನನ್ನ ವಿಷಯ ಅವಳಿಗೇ ಸರಿಯಾಗಿ ಗೊತ್ತು" ಅಂದವಳೇ ಗೋಡೆಯ ಕಡೆ ತಿರುಗಿ ಕೂಗಿದಳು, "ಅಕ್ಕೋ! ಅವತ್ತು ನಾನು ಅಷ್ಟೊಂದು ಅತ್ತಿದ್ದು ಯಾಕೆ?"

ಉತ್ತರ ಕೂಡಲೇ ಬಂತು, ವಿವರವಾಗಿ ಬಂತು. ಎಲ್ಲ ಬರೆದು ಬೆಂಗಳೂರಿಗೆ ಕಳಿಸಿದೆ. ಕೆಲಸ ಹೋಯಿತು ಅಂತಲೇ ಅಂದುಕೊಂಡಿದ್ದೆ. ಪ್ರೊಫೆಸರು ಫೋನು ಮಾಡಿ, "ಎಂಥಾ ಕೆಲಸ ಮಾಡಿದ್ದೀರಮ್ಮ! ಈ ಲೈನಿನ ಉತ್ತರಗಳು ಒಂದಕ್ಕೊಂದು ಎಷ್ಟು ಚೆನ್ನಾಗಿ ತಾಳೆಯಾಗ್ತವೆ! ಏಕಾಂತ ಕಾಪಾಡಿದ್ರೆ ಇದೇ ನೋಡಿ ಲಾಭ" ಅಂದರು.

ಬೋರ್ಡು

ನಮ್ಮ ರೂಮಿಗೆ ಮೊದಲು ಇದ್ದ ಬೋರ್ಡು 'ಒತ್ತಡ ನಿವಾರಣಾ ಕೇಂದ್ರ'. ಆಂಡರ್ಸನ್‌ಪೇಟೆಯ ಒಬ್ಬ ಪೇಂಟರು ನೀಲಿ ಅಕ್ಷರದಲ್ಲಿ, ಬಾರ್ಡರು ಹಾಕಿ, ಮೂಲೆಗೊಂದು ಹೂವು ಬಿಡಿಸಿ ಬರೆದುಕೊಟ್ಟಿದ್ದರು. ಬಣ್ಣ ಒಣಗಿತ್ತೋ ಇಲ್ಲವೋ, ಪ್ರೊಫೆಸರ ಫೋನು ಬಂತು.

"ನೀತಿ ಬದಲಾಗಿದೆಯಮ್ಮ. ಒತ್ತಡಕ್ಕೆ ಇನ್ನು ಹಣ ಕೊಡಲ್ಲವಂತೆ. ಸಂತೋಷಕ್ಕೆ ಕೊಡ್ತಾರಂತೆ. ಬೋರ್ಡು ಬದಲಾಯಿಸಿ."

"ಪ್ರಶ್ನೆಗಳು ಸಾರ್?"

"ಅವೇ ಪ್ರಶ್ನೆ. ಉತ್ತರ ತಿರುವಿ ಹಾಕಿದ್ರಾಯ್ತು."

ಬೋರ್ಡು 'ಸಂತೋಷ ಕೇಂದ್ರ' ಆಯಿತು. ಅವತ್ತು ಸಂಜೆ ಇಬ್ಬರು ಗಂಡಸರು ಮೆಟ್ಟಿಲು ಹತ್ತಿ ಬಂದು, ನನ್ನನ್ನೂ ಬೆಂಚನ್ನೂ ನೀರಿನ ಹೂಜಿಯನ್ನೂ ನೋಡಿ, "ಬರೀ ನೀರೇನಾ?" ಅಂತ ನಿರಾಸೆಯಿಂದ ಇಳಿದುಹೋದರು.

ಇನ್ನೂ ನಾಲ್ಕು ಜನಕ್ಕೆ ಹೊಸ ಹೆಸರು ಅಭ್ಯಾಸವಾಗಿರಲಿಲ್ಲ, ಮತ್ತೆ ಫೋನು. ಸಂತೋಷವೂ ಹೋಯಿತು, ಈಗ ಸ್ಥೈರ್ಯಕ್ಕೆ ಮಾತ್ರ ಹಣ.

"ಸ್ಥೈರ್ಯ ಅಂದ್ರೆ ಏನು ಸಾರ್?"

"ಒತ್ತಡ ಇದ್ರೂ ಸಂತೋಷವಾಗಿರೋದು."

"ಹಾಗಾದ್ರೆ ಹಳೇ ಎರಡು ಬೋರ್ಡೂ ಒಟ್ಟಿಗೆ ಹಾಕಿದ್ರೆ ಆಗಲ್ವಾ?"

ಪ್ರೊಫೆಸರಿಗೆ ಸಿಟ್ಟು ಬಂತು. ನಾನು ತಮಾಷೆಗೆ ಕೇಳಿರಲಿಲ್ಲ, ದೇವರಾಣೆ ನಿಜವಾಗಿಯೇ ಕೇಳಿದ್ದೆ.

ಪೇಂಟರ ಹತ್ತಿರ ಹೋದೆ. ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡು, "ಏನ್ ಮೇಡಂ ಇದು? ಜನಕ್ಕೆ ಏನಾಗಿದೆ ಅಂತ ನಿಮ್ಮ ಗೌರ್ಮೆಂಟಿಗೇ ತೆರಿಯಾದಾ? ಗೊತ್ತಿಲ್ವಾ?" ಅಂದರು. ಆದರೂ ಬೋರ್ಡು ಇಸಿದುಕೊಂಡರು. ವಾಪಸು ಕೊಟ್ಟಾಗ ನೋಡಿದರೆ ಬಲಗಡೆ 'ಕೇಂದ್ರ' ಅಂತ ಮಾತ್ರ ಇದೆ, ಎಡಗಡೆ ಖಾಲಿ ಕಪ್ಪು.

"ಕೇಂದ್ರ ಅನ್ನೋದು ಗ್ಯಾರಂಟಿ ಮೇಡಂ, ಅದಕ್ಕೆ ಪೇಂಟು" ಅಂದರು ಅವರು. "ಮಿಕ್ಕಿದ್ದು ನೀವೇ ಸೀಮೆಸುಣ್ಣದಲ್ಲಿ ಬರ್ಕೊಳ್ಳಿ."

ಕೊಡಬಾರದ ಲೈನು

ಸಂಶೋಧನೆಗೆ ಒಂದು ನಿಯಮವಿದೆ. ಒಂದು ಗುಂಪಿಗೆ ಚಿಕಿತ್ಸೆ ಕೊಡಬೇಕು, ಇನ್ನೊಂದು ಗುಂಪಿಗೆ ಕೊಡಬಾರದು. ಆಮೇಲೆ ಎರಡನ್ನೂ ಹೋಲಿಸಿ ನೋಡಬೇಕು. ಹಾಗಾಗಿ ಅಕ್ಕಪಕ್ಕದ ಎರಡು ಲೈನುಗಳಲ್ಲಿ ಒಂದರ ಹೆಂಗಸರಿಗೆ ಮಾತ್ರ ನಾನು ರೂಮಿನಲ್ಲಿ ಉಸಿರಾಟ, ಸಿಟ್ಟು ತಡೆಯುವುದು, ದುಃಖ ಹಂಚಿಕೊಳ್ಳುವುದು ಎಲ್ಲ ಹೇಳಿಕೊಡಬೇಕಿತ್ತು. ಇನ್ನೊಂದು ಲೈನಿನವರನ್ನು ಬರೀ ಪ್ರಶ್ನೆ ಕೇಳಿ ಬಿಡಬೇಕಿತ್ತು.

ಕಲಿಯಲು ಬಂದ ಹೆಂಗಸರಿಗೆ ಎಚ್ಚರಿಕೆ ಕೊಟ್ಟೆ, "ಇಲ್ಲಿ ಕಲಿತದ್ದನ್ನ ಆಚೆ ಲೈನಿನವರಿಗೆ ಹೇಳಬಾರದು."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಮೀನು ಸಾರು ಮಾಡಿದ್ರೂ ಒಂದು ಬಟ್ಟಲು ಆಚೆ ಲೈನಿಗೆ ಹೋಗ್ಬೇಕು ಮೇಡಂ. ಇಲ್ಲಾಂದ್ರೆ ತಿಂದದ್ದು ದಕ್ಕಲ್ಲ" ಅಂದಳು ಒಬ್ಬಳು.

"ಇದು ಸಾರಲ್ಲ ಅಕ್ಕ, ಸಂಶೋಧನೆ."

"ಆಯ್ತು ಮೇಡಂ, ಹೇಳಲ್ಲ" ಅಂತ ಎಲ್ಲರೂ ತಲೆಯಾಡಿಸಿದರು.

ಕೆಲವು ತಿಂಗಳಾದ ಮೇಲೆ ಎರಡೂ ಲೈನಿನವರನ್ನು ಮತ್ತೆ ಪ್ರಶ್ನೆ ಕೇಳಿದೆ. ಕಲಿತವರು ಪರವಾಗಿಲ್ಲ. ಕಲಿಯದವರು ಬಹಳ ಚೆನ್ನಾಗಿದ್ದಾರೆ! ನಿದ್ದೆ ಚೆನ್ನಾಗಿದೆ, ಸಿಟ್ಟು ಇಳಿದಿದೆ, ಮುಖದಲ್ಲಿ ಕಳೆ ಇದೆ. ನನಗೆ ತಲೆ ಗಿರ್ರೆಂದಿತು. ಇದೇನಿದು ನೋಡೇಬಿಡೋಣ ಅಂತ ಒಂದು ಸಂಜೆ ಆ ಕೊಡಬಾರದ ಲೈನಿಗೆ ಹೋದೆ. ನಲ್ಲಿಕಟ್ಟೆಯ ಹತ್ತಿರ ಹೆಂಗಸರೆಲ್ಲ ಗುಂಪಾಗಿ ಕೂತಿದ್ದರು. ನಡುವೆ ನಮ್ಮ ರೂಮಿಗೆ ಬರುವ ಹೆಂಗಸೇ ನನ್ನ ಹಾಗೆ ಕಾಲ ಮೇಲೆ ಕಾಲು ಹಾಕಿಕೊಂಡು, ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ತಳ್ಳಿಕೊಳ್ಳುತ್ತಾ, "ಉಸಿರು ತಗೊಳ್ಳಿ, ಹಾಗೇ ಇಟ್ಕೊಳ್ಳಿ, ಯಾರು ಯಾರಿಗೆ ಗಂಡನ ಮೇಲೆ ಸಿಟ್ಟಿದೆ ಅವರು ಮೊದ್ಲು ಬಿಡಿ" ಅನ್ನುತ್ತಿದ್ದಳು. ಎಲ್ಲರ ಕೈಯಲ್ಲೂ ಬಿಸಿ ಕಾಫಿ, ಮುರುಕು. ನಮ್ಮ ರೂಮಿನಲ್ಲಿ ಕಾಫಿಗೆ ಅನುದಾನವಿರಲಿಲ್ಲ.

ನನ್ನನ್ನು ನೋಡಿ ಆಕೆ ಎದ್ದು ನಿಂತಳು. "ಏನಕ್ಕ ಇದು? ಹೇಳಬಾರದು ಅಂದಿರಲಿಲ್ವಾ?" ಅಂದೆ.

"ಹೇಳಿಲ್ಲ ಮೇಡಂ. ಮಾಡಿ ತೋರಿಸಿದೆ, ಅಷ್ಟೇ."

ಬೈಯಲು ಬಾಯಿ ತೆರೆದೆ, ಅಷ್ಟರಲ್ಲಿ ನನ್ನ ಕೈಗೂ ಕಾಫಿ ಬಂತು. ಕುಡಿದೆ. ಆ ರಾತ್ರಿ ನನಗೂ ಒಳ್ಳೆ ನಿದ್ದೆ ಬಂತು, ಅದನ್ನು ಎಲ್ಲೂ ಬರೆಯಲಿಲ್ಲ.

ಪ್ರೊಫೆಸರಿಗೆ ನಲ್ಲಿಕಟ್ಟೆಯ ವಿಷಯ ಬಿಟ್ಟು ಫಲಿತಾಂಶವನ್ನಷ್ಟೇ ಹೇಳಿದೆ. ಅವರು ಗಾಬರಿಯಿಂದ ದನಿ ತಗ್ಗಿಸಿದರು. "ಏನೂ ಕೊಡದೇ ಇದ್ದವರು ಹೆಚ್ಚು ಗುಣವಾದ್ರಾ? ಇದು ಸರ್ಕಾರಕ್ಕೆ ಗೊತ್ತಾಗೋದು ಬೇಡಮ್ಮ. ಗೊತ್ತಾದ್ರೆ ದೇಶಕ್ಕೆಲ್ಲಾ ಇದನ್ನೇ ಯೋಜನೆ ಮಾಡ್ತಾರೆ!"

ಅಜ್ಜಿ ಗುಣವಾದದ್ದು

ಕೊನೆಗೂ ಸಮಿತಿ ಬರುವ ದಿನ ಬಂತು. "ಗುಣವಾದವರೊಬ್ಬರನ್ನ ಕೂರಿಸಿರಮ್ಮ" ಅಂತ ಪ್ರೊಫೆಸರು ಹೇಳಿದ್ದರು. ತೀರಾ ಗುಣವಾದವರನ್ನು ಕೂರಿಸಿದರೆ ಬೀಗ, ಗುಣವಾಗದವರನ್ನು ಕೂರಿಸಿದರೂ ಬೀಗ. ಅರ್ಧ ಗುಣವಾದವರನ್ನು ಎಲ್ಲಿಂದ ತರಲಿ? ಯೋಚನೆ ಮಾಡಿ ಮಾಡಿ ಸಾಕಾಗಿ, ನನಗೆ ಇಷ್ಟವಾದ ಒಬ್ಬ ಅಜ್ಜಿಯನ್ನು ಕರೆಸಿದೆ.

ಆ ಅಜ್ಜಿ ಹಳ್ಳಿಯಿಂದ ಬಂದು ಆಂಡರ್ಸನ್‌ಪೇಟೆಯಲ್ಲಿ ಮಗ ಸೊಸೆಯ ಜೊತೆ ಇರುವವರು. ಯಾರು ಏನಂದರೂ ತುಟಿಪಿಟಿಕ್ ಅನ್ನದೆ ನುಂಗಿಕೊಂಡು ಬಂದ ಜೀವ. ಎದೆ ಹಿಂಡುತ್ತದೆ ಅಂತ ಆಸ್ಪತ್ರೆಗಳನ್ನೆಲ್ಲ ಸುತ್ತಿ, ಎದೆಯಲ್ಲಿ ಏನೂ ದೋಷವಿಲ್ಲ ಅಂತ ಡಾಕ್ಟರುಗಳು ಕೈಚೆಲ್ಲಿದ ಮೇಲೆ ನಮ್ಮ ರೂಮಿಗೆ ಬಂದರು. ಮೊದಮೊದಲು ಬರೀ ಅಳುತ್ತಿದ್ದರು. ನಾನು ಹೇಳಿಕೊಟ್ಟಿದ್ದು ಇಷ್ಟೇ, ಮನಸ್ಸಿನಲ್ಲಿರುವುದನ್ನು ಅದುಮಿಟ್ಟುಕೊಳ್ಳಬೇಡಿ, ಮರ್ಯಾದೆಯಿಂದ ಆಗಿಂದಾಗಲೇ ಹೇಳಿಬಿಡಿ. ಅಜ್ಜಿಯ ಎದೆನೋವು ಹೋಯಿತು. ನನ್ನ ಕೈಯಲ್ಲಿ ಒಬ್ಬರಿಗಾದರೂ ಒಳ್ಳೆಯದಾಯಿತಲ್ಲ ಅಂತ ನಾನು ಅವತ್ತು ಬಸ್ಸಿನಲ್ಲಿ ಬಂಗಾರಪೇಟೆಯ ತನಕ ಒಬ್ಬಳೇ ನಗುತ್ತಾ ಬಂದಿದ್ದೆ.

ಸಮಿತಿಯಲ್ಲಿ ಮೂವರು. ಅಧ್ಯಕ್ಷರು ದೊಡ್ಡ ಅಧಿಕಾರಿ, ಗಂಭೀರ ಮುಖ. ಎರಡನೆಯವರು ಹಣಕಾಸಿನವರು. ಮೂರನೆಯವರು ಯಾರು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಪ್ರೊಫೆಸರು ಮೂಲೆಯಲ್ಲಿ ಬೆವರುತ್ತಾ ಕೂತರು. ನಾನು ಬೇಕರಿಯಿಂದ ತಂದ ಬೆಣ್ಣೆ ಬಿಸ್ಕತ್ತಿನ ತಟ್ಟೆಯನ್ನು ಅಧ್ಯಕ್ಷರ ಮುಂದಿಟ್ಟೆ.

ಅಧ್ಯಕ್ಷರು ಒಂದು ಬಿಸ್ಕತ್ತು ಬಾಯಿಗೆ ಹಾಕಿಕೊಂಡು ಕೇಳಿದರು, "ಹೇಗಿದ್ದೀರಜ್ಜಿ?"

"ಚೆನ್ನಾಗಿವ್ನಿ ಸಾಮಿ. ಎದೆನೋವು ಓಯ್ತು. ನಿದ್ದೆ ಬತ್ತದೆ."

ಹಣಕಾಸಿನವರು ಪೆನ್ನು ತೆಗೆದರು. "ಪೂರ್ತಿ ಗುಣ. ಅಂದರೆ ಉದ್ದೇಶ ಈಡೇರಿದೆ." ನಾನು ಬಾಗಿಲ ಬೀಗದ ಕಡೆ ನೋಡಿದೆ.

"ನಾನು ಉಸಾರಾದೆ ಸಾಮಿ" ಅಂದರು ಅಜ್ಜಿ, "ಆದ್ರೆ ನನ್ನ ಸೊಸೆಗೆ ಸುರುವಾಯ್ತು."

"ಏನು ಶುರುವಾಯ್ತು?" ಅಧ್ಯಕ್ಷರು ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು.

"ಎದೆನೋವು. ಮನಸ್ಸಾಗಿರೋದ್ನ ನಾನು ಒಂದೊಂದೇ ಏಳ್ತಾ ಬಂದೆ, ಅವಳು ಒಂದೊಂದೇ ನುಂಗ್ತಾ ಬಂದ್ಳು."

ಹಣಕಾಸಿನವರು ಬರೆದದ್ದನ್ನು ಹೊಡೆದುಹಾಕಿದರು. "ಹಾಗಾದ್ರೆ ಯೋಜನೆಯಿಂದ ತೊಂದರೆಯೇ ಆಗಿದೆ. ಪ್ರಯೋಜನ ಇಲ್ಲ." ನಾನು ಮತ್ತೆ ಬೀಗದ ಕಡೆ ನೋಡಿದೆ.

"ಯಾಕಿಲ್ಲ ಸಾಮಿ?" ಅಂದರು ಅಜ್ಜಿ. "ಈಗ ಅವಳ್ನೂ ಇಲ್ಲಿಗೇ ಕಳಿಸ್ತೀನಿ. ಅವಳು ಉಸಾರಾಗಿ ಬಾಯಿ ಬುಟ್ರೆ ನನ್ನ ಮಗಂಗೆ ಬತ್ತದೆ. ಅವನೂ ಬರ್ಲಿ. ಆಮೇಕೆ ಎದುರು ಮನೆಯವಳು. ಅವಳ ಮ್ಯಾಗೆ ನಾನಿನ್ನೂ ಸುರುವೇ ಮಾಡಿಲ್ಲ."

ಮೂರನೆಯವರು ಮೊದಲ ಸಲ ಬಾಯಿ ತೆರೆದರು. "ಹಾಗಾದ್ರೆ ಇದು ಮುಗಿಯೋ ಕೆಲಸ ಅಲ್ಲ."

"ದೀರ್ಘಾವಧಿ ಅಧ್ಯಯನ ಸಾರ್! ದೀರ್ಘಾವಧಿ!" ಅಂತ ಪ್ರೊಫೆಸರು ಮೂಲೆಯಿಂದ ಜಿಗಿದು ಬಂದರು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಧಡಧಡ ಸದ್ದು. ಒಬ್ಬ ಹೆಂಗಸು ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತು, "ನಮ್ಮತ್ತೆಗೆ ಮಾತಾಡೋದು ಕಲಿಸಿದೋರು ಇಲ್ಲಿ ಯಾರು?" ಅಂದಳು. ಪ್ರೊಫೆಸರು ಹಿಂದೆಮುಂದೆ ನೋಡದೆ ನನ್ನ ಕಡೆ ಬೆರಳು ತೋರಿಸಿದರು. ಆಕೆ ನನ್ನ ಹತ್ತಿರ ಬಂದಳು. ಬಾಯಿ ತೆರೆದಳು, ಮಾತು ಬರಲಿಲ್ಲ, ಬೆಂಚಿನ ಮೇಲೆ ಕುಸಿದು ಕೂತು ಗೊಳೋ ಅಂತ ಅತ್ತಳು. ಅಜ್ಜಿ ಎದ್ದು ಹೋಗಿ ಸೊಸೆಯ ಪಕ್ಕ ಕೂತು ಬೆನ್ನು ಸವರುತ್ತಾ, "ಅಳು ಅಳು, ಇಲ್ಲಿ ಅಳಬೋದು" ಅಂದರು.

ಹಣಕಾಸಿನವರು ಏನು ಬರೆಯುವುದೆಂದು ತಿಳಿಯದೆ ಪೆನ್ನು ಮುಚ್ಚಿದರು. ಅಧ್ಯಕ್ಷರು ಬಹಳ ಹೊತ್ತು ಅತ್ತೆ ಸೊಸೆಯನ್ನು ನೋಡಿ, ಕೊನೆಯ ಬಿಸ್ಕತ್ತು ಮುಗಿಸಿ, "ಇನ್ನೊಂದು ವರ್ಷ ಇರಲಿ" ಅಂದರು.

ರೂಮು ಉಳಿಯಿತು! ನಾನು ಕೈ ಮುಗಿದೆ. ಎಲ್ಲರೂ ಏಳುವಷ್ಟರಲ್ಲಿ ಅಜ್ಜಿ, "ಸಾಮಿ, ಒಂದ್ಮಾತು" ಅಂದರು. "ಮನಸ್ಸಾಗೆ ಮಡಿಕೋಬ್ಯಾಡ ಅಂತ ಈಯಮ್ಮ ಏಳವ್ರೆ, ಅದಕ್ಕೇ ಏಳ್ತೀನಿ. ನಾನು ಅವಾಗ್ಲಿಂದ ಬಾಯಿ ಒಣಗಿಸ್ಕೊಂಡು ನನ್ನ ಕಷ್ಟ ಏಳ್ಕೊಂತಾ ಇದ್ರೆ, ತಟ್ಟೆ ಬಿಸ್ಕತ್ತೆಲ್ಲ ನೀವೊಬ್ರೇ ತಿಂದ್ರಿ. ತಿನ್ನಿ, ಬ್ಯಾಡ ಅನ್ನಲ್ಲ. ತಗೋ ಅಜ್ಜಿ ಅಂತ ಒಂದ್ಮಾತು ಅನ್ನಬೋದಾಗಿತ್ತು."

ಅಧ್ಯಕ್ಷರು ಖಾಲಿ ತಟ್ಟೆ ನೋಡಿದರು, ಅಜ್ಜಿಯನ್ನು ನೋಡಿದರು, ಏನೋ ಹೇಳಲು ಹೋಗಿ ನುಂಗಿಕೊಂಡರು. ಎದೆ ನೀವಿಕೊಳ್ಳುತ್ತಾ ಮೆಟ್ಟಿಲು ಇಳಿದರು. ಕೆಳಗೆ ಕಾರಿನ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು:

"ನೋಡಮ್ಮ, ರೂಮು ನಡೆಸಿ. ಸೊಸೆಗೂ ಕಲಿಸಿ, ಮಗನಿಗೂ ಕಲಿಸಿ. ಆದ್ರೆ ಆ ಅಜ್ಜಿಗೆ ಮಾತ್ರ ಇನ್ನು ಒಂದಕ್ಷರ ಕಲಿಸಬೇಡಿ!"